ಪ್ರಾಥಮಿಕ ಶಾಲೆಯ ಇಂಗ್ಲಿಷ್: ಕಲಿತದ್ದೆಷ್ಟು, ಉಳಿದದ್ದೆಷ್ಟು?

ಏಪ್ರಿಲ್ ಎರಡನೇ ವಾರ ಬಂತೆಂದರೆ ರಾಜ್ಯದ ಬಹುತೇಕ ಶಾಲೆಗಳಿಗೆ ಬೇಸಿಗೆ ರಜೆ. ಅಂಕಪಟ್ಟಿ ಕೈಸೇರಿರುತ್ತದೆ. ಮಗು ಮುಂದಿನ ತರಗತಿಗೆ ತೇರ್ಗಡೆಯಾಗಿರುತ್ತದೆ. ಇಂಗ್ಲಿಷ್ ವಿಷಯದ ಮುಂದೆ ಒಳ್ಳೆಯ ಶ್ರೇಣಿಯೇ ಇರುವುದರಿಂದ ಪೋಷಕರೂ ನಿಶ್ಚಿಂತರಾಗುತ್ತಾರೆ. ಆದರೆ ಅದೇ ಮಗುವಿನ ಕೈಗೆ, ಪಠ್ಯಪುಸ್ತಕದಲ್ಲಿಲ್ಲದ, ಅದೇ ಮಟ್ಟದ ನಾಲ್ಕು ಸಾಲಿನ ಇಂಗ್ಲಿಷ್ ಕಥೆಯೊಂದನ್ನು ಕೊಟ್ಟು ಓದಿಸಿದಾಗ ಚಿತ್ರ ಬೇರೆಯಾಗುವುದುಂಟು. ಪಾಠದ ಪದ್ಯವನ್ನು ಅರಳು ಹುರಿದಂತೆ ಒಪ್ಪಿಸಿದ ಬಾಯಿ ಹೊಸ ಪದದ ಮುಂದೆ ತಡವರಿಸುತ್ತದೆ. ಇನ್ನು ಕೆಲವು ಮಕ್ಕಳು ತಡೆಯಿಲ್ಲದೆ ಓದಿ ಮುಗಿಸುತ್ತಾರೆ. ಕಥೆ ಏನೆಂದು ಕೇಳಿದರೆ ಮುಖ ನೋಡುತ್ತಾರೆ.

ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ನಡೆಯುವುದು ಪುನರಾವರ್ತನೆ. ಹಳೆಯ ಪಾಠಗಳನ್ನೇ ಮತ್ತೆ ಓದಿಸುವುದು, ಪ್ರಶ್ನೋತ್ತರಗಳನ್ನೇ ಮತ್ತೆ ಬರೆಸುವುದು, ಇಲ್ಲವೇ ಮನೆಪಾಠಕ್ಕೆ ಸೇರಿಸುವುದು. ಆದರೆ ಆಗಬೇಕಾದದ್ದು ಪುನರಾವರ್ತನೆಯಲ್ಲ, ಪುನರವಲೋಕನ. ಭಾಷಾ ಕಲಿಕೆಯ ಯಾವ ಮೆಟ್ಟಿಲಲ್ಲಿ ಮಗು ನಿಂತಿದೆ, ಯಾವ ಮೆಟ್ಟಿಲು ತಪ್ಪಿಹೋಗಿದೆ ಎಂಬುದನ್ನು ಮೊದಲು ಗುರುತಿಸಬೇಕು. ಅದನ್ನು ಮನೆಯಲ್ಲಿಯೇ, ದುಬಾರಿ ಸಾಮಗ್ರಿಯಿಲ್ಲದೆ ಮಾಡಲು ಸಾಧ್ಯ. ಅದರ ವಿವರ ಇಲ್ಲಿದೆ.

ಹಿನ್ನೆಲೆ

ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಕ್ರಮ 2007-08ರ ಶೈಕ್ಷಣಿಕ ವರ್ಷದಲ್ಲಿ ಆರಂಭವಾಯಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಸರ್ಕಾರ ಕಡ್ಡಾಯಗೊಳಿಸುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟ್ ತೀರ್ಪು ನೀಡಿತು. 2019-20ರಲ್ಲಿ 1000 ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ವಿಭಾಗ ತೆರೆಯುವ ಯೋಜನೆ ಜಾರಿಯಾಯಿತು. ಹೀಗೆ ಮಾಧ್ಯಮ ಯಾವುದೇ ಇರಲಿ, ಆರು ವರ್ಷದ ಮಗುವಿನ ಚೀಲದಲ್ಲಿ ಇಂದು ಇಂಗ್ಲಿಷ್ ಪುಸ್ತಕ ಇದ್ದೇ ಇರುತ್ತದೆ.

ಪುಸ್ತಕ ಇದೆ ಎಂದ ಮಾತ್ರಕ್ಕೆ ಓದು ಬಂದಂತಾಗಲಿಲ್ಲ. ಪ್ರಥಮ್ ಸಂಸ್ಥೆ 2005ರಿಂದ ನಡೆಸುತ್ತಿರುವ ಗ್ರಾಮೀಣ ಶೈಕ್ಷಣಿಕ ಸಮೀಕ್ಷೆಯ ('ಅಸರ್') ಪ್ರಕಾರ, ದೇಶದ ಗ್ರಾಮೀಣ ಭಾಗದ ಐದನೇ ತರಗತಿ ಮಕ್ಕಳಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲವರ ಪ್ರಮಾಣ 2016ರಲ್ಲಿ ಶೇ 24.7 ಇತ್ತು, 2022ರಲ್ಲಿ ಶೇ 24.5. ಎಂಟನೇ ತರಗತಿಯಲ್ಲೂ 2022ರಲ್ಲಿ ಶೇ 46.7 ಮಕ್ಕಳು ಮಾತ್ರ ಅಂತಹ ವಾಕ್ಯಗಳನ್ನು ಓದಬಲ್ಲವರಾಗಿದ್ದರು. ಇದು ಹಳ್ಳಿಗಳ ಅಂಕಿಅಂಶ, ನಗರಗಳದ್ದಲ್ಲ. ಆದರೂ ತರಗತಿ ಏರಿದಂತೆ ಕೌಶಲವೂ ತಾನಾಗಿ ಏರುತ್ತದೆ ಎಂಬ ನಂಬಿಕೆ ಸರಿಯಲ್ಲ ಎಂಬುದನ್ನು ಈ ಸಂಖ್ಯೆಗಳು ತೋರಿಸುತ್ತವೆ.

ನಗರದ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಅಪಾಯ ಇನ್ನೊಂದು ಬಗೆಯದು. ಮೂರನೇ ತರಗತಿಯವರೆಗೆ ಮಗು ಓದಲು ಕಲಿಯುತ್ತದೆ. ನಾಲ್ಕನೆಯ ತರಗತಿಯಿಂದ ಓದಿ ಕಲಿಯಬೇಕಾಗುತ್ತದೆ. ಪರಿಸರ ಅಧ್ಯಯನ, ಗಣಿತದ ಲೆಕ್ಕದ ಹೇಳಿಕೆ ಎಲ್ಲವೂ ಇಂಗ್ಲಿಷಿನಲ್ಲಿಯೇ. ಅಲ್ಲಿ ಓದು ಕುಂಟಿದರೆ ಎಲ್ಲ ವಿಷಯಗಳೂ ಕುಂಟುತ್ತವೆ. ಲೆಕ್ಕ ಬರುವ ಮಗು ಲೆಕ್ಕದ ವಾಕ್ಯ ಅರ್ಥವಾಗದೆ ಅಂಕ ಕಳೆದುಕೊಳ್ಳುತ್ತದೆ, ದಡ್ಡ ಎನಿಸಿಕೊಳ್ಳುತ್ತದೆ.

ಶಾಲೆಯಲ್ಲಿ ಸೇತುಬಂಧ

ರಾಜ್ಯದ ಶಾಲೆಗಳಿಗೆ ಪುನರವಲೋಕನ ಹೊಸದೇನಲ್ಲ. ಶೈಕ್ಷಣಿಕ ವರ್ಷದ ಮೊದಲ ದಿನಗಳಲ್ಲಿ 'ಸೇತುಬಂಧ' ನಡೆಯುತ್ತದೆ. ಹಿಂದಿನ ತರಗತಿಯ ಕಲಿಕೆ ಎಷ್ಟು ಉಳಿದಿದೆ ಎಂದು ಪೂರ್ವ ಪರೀಕ್ಷೆಯ ಮೂಲಕ ತಿಳಿದು, ಕೊರತೆಗೆ ತಕ್ಕ ಪರಿಹಾರ ಬೋಧನೆ ನೀಡಿ, ಕೊನೆಗೆ ಸಾಫಲ್ಯ ಪರೀಕ್ಷೆ ನಡೆಸುವುದು ಅದರ ಕ್ರಮ. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದರಿಂದ ಉಂಟಾದ ನಷ್ಟ ತುಂಬಲು 2022-23ರಲ್ಲಿ 'ಕಲಿಕಾ ಚೇತರಿಕೆ' ಕಾರ್ಯಕ್ರಮವೂ ನಡೆಯಿತು. 2021ರ ಜುಲೈನಲ್ಲಿ ಆರಂಭವಾದ ಕೇಂದ್ರದ 'ನಿಪುಣ್ ಭಾರತ್' ಅಭಿಯಾನದ ಗುರಿಯೂ ಮೂರನೇ ತರಗತಿ ಮುಗಿಯುವುದರೊಳಗೆ ಓದು, ಬರಹ, ಲೆಕ್ಕದ ಬುನಾದಿ ಗಟ್ಟಿಗೊಳಿಸುವುದೇ ಆಗಿದೆ. ಆದರೆ ತುಂಬಿದ ತರಗತಿಯಲ್ಲಿ ಶಿಕ್ಷಕರೊಬ್ಬರು ಪ್ರತಿ ಮಗುವನ್ನೂ ಪ್ರತ್ಯೇಕವಾಗಿ ಕೂರಿಸಿ ಓದಿಸುವುದು ಸುಲಭವಲ್ಲ. ಆ ಕೆಲಸದಲ್ಲಿ ಮನೆಯವರು ಕೈಜೋಡಿಸಬಹುದು.

ಓದು ಎಂದರೇನು?

ಅಮೆರಿಕದ ಪ್ರಾಥಮಿಕ ಶಾಲೆಗಳಲ್ಲಿ ಓದು, ಬರಹ, ಆಲಿಕೆ, ಮಾತು, ವ್ಯಾಕರಣ ಎಲ್ಲವನ್ನೂ ಒಟ್ಟಾಗಿಸಿ 'ಇಂಗ್ಲಿಷ್ ಲ್ಯಾಂಗ್ವೇಜ್ ಆರ್ಟ್ಸ್' ಎಂಬ ಒಂದೇ ವಿಷಯವಾಗಿ ಕಲಿಸುತ್ತಾರೆ. ಅಲ್ಲಿನ ಸಂಸತ್ತಿನ ಸೂಚನೆಯಂತೆ 1997ರಲ್ಲಿ ರಚನೆಯಾದ ರಾಷ್ಟ್ರೀಯ ಓದು ಸಮಿತಿ 2000ರಲ್ಲಿ ನೀಡಿದ ವರದಿಯು ಓದಿಗೆ ಐದು ಅಂಗಗಳನ್ನು ಗುರುತಿಸಿತು: ಧ್ವನಿಗಳ ಅರಿವು, ಅಕ್ಷರ-ಧ್ವನಿ ಸಂಬಂಧ, ನಿರರ್ಗಳತೆ, ಪದಸಂಪತ್ತು ಮತ್ತು ಗ್ರಹಿಕೆ.

ಇದನ್ನು ಇನ್ನೂ ಸರಳವಾಗಿ ಹೇಳಿದವರು ಫಿಲಿಪ್ ಗೌ ಮತ್ತು ವಿಲಿಯಂ ಟನ್ಮರ್. 1986ರಲ್ಲಿ ಅವರು ಮಂಡಿಸಿದ ಸೂತ್ರದಂತೆ, ಓದಿನ ಗ್ರಹಿಕೆಯು ಅಕ್ಷರ ಬಿಡಿಸಿ ಓದುವ ಶಕ್ತಿ ಹಾಗೂ ಭಾಷೆ ಅರ್ಥವಾಗುವ ಶಕ್ತಿಗಳ ಗುಣಲಬ್ಧ. ಎರಡರಲ್ಲಿ ಒಂದು ಸೊನ್ನೆಯಾದರೂ ಫಲ ಸೊನ್ನೆಯೇ. ನಮ್ಮ ಮಕ್ಕಳ ಮಟ್ಟಿಗೆ ಇದು ಬಹಳ ಮುಖ್ಯ. ಬಿಡಿಸಿ ಓದಲು ಬಾರದ ಮಗುವಿಗೆ ಬೇಕಾದ ನೆರವು ಒಂದು ಬಗೆಯದಾದರೆ, ಓದಿಯೂ ಅರ್ಥವಾಗದ ಮಗುವಿಗೆ ಬೇಕಾದದ್ದು ಇನ್ನೊಂದು. ಇಬ್ಬರನ್ನೂ ಒಂದೇ ಮನೆಪಾಠಕ್ಕೆ ಕಳುಹಿಸಿದರೆ ಒಬ್ಬರಿಗಂತೂ ಪ್ರಯೋಜನವಾಗದು.

ಏಳು ಮೆಟ್ಟಿಲುಗಳ ಪರಿಶೀಲನೆ

ಕೆಳಗಿನ ಪರಿಶೀಲನೆಗೆ ಒಂದು ನೋಟ್‌ಬುಕ್, ಪೆನ್ಸಿಲ್ ಮತ್ತು ಮಗು ಹಿಂದೆ ಓದಿರದ ಒಂದು ಕಥೆ ಪುಸ್ತಕ ಸಾಕು. ಒಂದೇ ದಿನ ಎಲ್ಲವನ್ನೂ ಮಾಡುವ ಅಗತ್ಯವಿಲ್ಲ. ದಿನಕ್ಕೆ 10-15 ನಿಮಿಷ ಮೀಸಲಿಟ್ಟು ಒಂದು ವಾರದಲ್ಲಿ ಮುಗಿಸಬಹುದು. ಪರೀಕ್ಷೆ ಎಂಬ ಭಾವನೆ ಮಗುವಿಗೆ ಬರಬಾರದು.

1. ಆಲಿಕೆ ಮತ್ತು ಮಾತು: ಇಂಗ್ಲಿಷಿನಲ್ಲಿ ಎರಡು ಹಂತದ ಸೂಚನೆ ಕೊಡಿ. ಉದಾಹರಣೆಗೆ, 'ಕೆಂಪು ಪೆನ್ಸಿಲ್ ತೆಗೆದುಕೊಂಡು ಪುಸ್ತಕದ ಕೆಳಗೆ ಇಡು' ಎಂಬ ಅರ್ಥದ ವಾಕ್ಯ. ಕೈಸನ್ನೆ ಮಾಡದೆ ಹೇಳಬೇಕು. ನಂತರ ಒಂದು ಚಿತ್ರ ತೋರಿಸಿ ಅದರ ಬಗ್ಗೆ ಮೂರು ಮಾತು ಆಡಿಸಿ. ಕಿವಿಗೆ ಬೀಳದ ಭಾಷೆ ಕಣ್ಣಿಗೆ ಅರ್ಥವಾಗುವುದು ಕಷ್ಟ.

2. ಧ್ವನಿಗಳ ಅರಿವು: 'ಕಪ್' ಎಂಬ ಪದದ ಮೊದಲ ಧ್ವನಿ ತೆಗೆದರೆ ಏನು ಉಳಿಯುತ್ತದೆ ಎಂದು ಕೇಳಿ. ಉತ್ತರ 'ಅಪ್'. 'ಸ್ಟಾಪ್' ಪದದಲ್ಲಿ 'ಸ್' ತೆಗೆದರೆ 'ಟಾಪ್'. ಕನ್ನಡ ಲಿಪಿಯಲ್ಲಿ 'ಕ' ಎಂಬ ಒಂದೇ ಅಕ್ಷರದೊಳಗೆ ವ್ಯಂಜನ, ಸ್ವರ ಎರಡೂ ಅಡಗಿರುವುದರಿಂದ ಅವನ್ನು ಬೇರ್ಪಡಿಸಿ ಕೇಳುವ ರೂಢಿ ಕನ್ನಡದ ಮಕ್ಕಳಿಗೆ ನಿಧಾನವಾಗಿ ಬರುತ್ತದೆ. ಕನ್ನಡ ಓದು ಕಲಿಯುವ ಮಕ್ಕಳನ್ನು ಕುರಿತು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿದೆ. ಇದು ಬುದ್ಧಿಯ ಕೊರತೆಯಲ್ಲ, ಲಿಪಿಯ ಸ್ವಭಾವ. ಆಟದಂತೆ ಆಡಿಸಿದರೆ ಮಗು ಹಿಡಿದುಕೊಳ್ಳುತ್ತದೆ.

3. ಅಕ್ಷರ ಮತ್ತು ಧ್ವನಿ: ಇಂಗ್ಲಿಷಿಗೆ 26 ಅಕ್ಷರಗಳು, ಆದರೆ ಸುಮಾರು 44 ಧ್ವನಿಗಳು. ದೊಡ್ಡಕ್ಷರ, ಸಣ್ಣಕ್ಷರ ಸೇರಿ ಮಗು ಗುರುತಿಸಬೇಕಾದ ರೂಪಗಳು 52. ಅಕ್ಷರಗಳನ್ನು ಕ್ರಮ ತಪ್ಪಿಸಿ ತೋರಿಸಿ, ಹೆಸರನ್ನಲ್ಲ, ಧ್ವನಿಯನ್ನು ಕೇಳಿ. 'ಸಿ' ಎಂಬ ಅಕ್ಷರ 'ಕ್ಯಾಟ್' ಪದದಲ್ಲಿ 'ಕ್' ಆಗುತ್ತದೆ, 'ಸಿಟಿ' ಪದದಲ್ಲಿ 'ಸ್' ಆಗುತ್ತದೆ. ಕನ್ನಡದಲ್ಲಿ ಅಕ್ಷರದ ಹೆಸರೂ ಧ್ವನಿಯೂ ಒಂದೇ. ಇಂಗ್ಲಿಷಿನಲ್ಲಿ ಹಾಗಲ್ಲ ಎಂಬ ತಿಳಿವಳಿಕೆ ಮಗುವಿಗೆ ಬಂದಿದೆಯೇ ಎಂಬುದೇ ಇಲ್ಲಿನ ಪ್ರಶ್ನೆ.

4. ಬಿಡಿಸಿ ಓದುವುದು: ಮೂರು ಅಕ್ಷರದ ಪದಗಳು ಬಂದ ಮೇಲೆ ಮೂಕ 'ಇ' ನಿಯಮ ಪರೀಕ್ಷಿಸಿ. 'ಕ್ಯಾಪ್' ಪದದ ಕೊನೆಗೆ 'ಇ' ಸೇರಿದರೆ 'ಕೇಪ್', 'ಕಿಟ್' ಪದಕ್ಕೆ ಸೇರಿದರೆ 'ಕೈಟ್', 'ಹಾಪ್' ಪದಕ್ಕೆ ಸೇರಿದರೆ 'ಹೋಪ್'. ಮಗು ಬಾಯಿಪಾಠದಿಂದ ಓದುತ್ತಿದೆಯೇ, ಬಿಡಿಸಿ ಓದುತ್ತಿದೆಯೇ ಎಂದು ತಿಳಿಯಲು ಅರ್ಥವಿಲ್ಲದ ಪದಗಳನ್ನು ಬರೆದು ಕೊಡಿ: 'ಎಂ-ಐ-ಪಿ', 'ಟಿ-ಯು-ಡಿ', 'ಎಸ್-ಎಚ್-ಒ-ಬಿ'. ಇಂಗ್ಲೆಂಡಿನಲ್ಲಿ 2012ರಿಂದ ಆರು ವರ್ಷದ ಆಸುಪಾಸಿನ ಮಕ್ಕಳಿಗೆ ನಡೆಸುತ್ತಿರುವ ಪರೀಕ್ಷೆಯ 40 ಪದಗಳಲ್ಲಿ 20 ಇಂತಹ ಕೃತಕ ಪದಗಳೇ ಆಗಿವೆ. ನೆನಪಿನ ಬಲದಿಂದ ಇವನ್ನು ಓದಲು ಬರುವುದಿಲ್ಲ.

5. ಕಂಡೊಡನೆ ಓದುವ ಪದಗಳು: 'ಸೆಡ್', 'ವನ್', 'ಆಫ್', 'ವಾಸ್' ಮುಂತಾದ ಪದಗಳಲ್ಲಿ ಬರಹಕ್ಕೂ ಉಚ್ಚಾರಣೆಗೂ ಹೊಂದಿಕೆ ಕಡಿಮೆ. ಇವು ಪ್ರತಿ ಪುಟದಲ್ಲೂ ಬರುತ್ತವೆ. ಅಮೆರಿಕದ ಶಿಕ್ಷಣ ತಜ್ಞ ಎಡ್ವರ್ಡ್ ಡಾಲ್ಚ್ 1936ರಲ್ಲಿ ಇಂತಹ 220 ಪದಗಳ ಪಟ್ಟಿ ಪ್ರಕಟಿಸಿದರು. ಮಕ್ಕಳ ಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುವ ಪದಗಳೆಂದೇ ಅವನ್ನು ಆರಿಸಲಾಗಿತ್ತು. ಪಟ್ಟಿ ಇಂದಿಗೂ ಬಳಕೆಯಲ್ಲಿದೆ, ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಚೀಟಿಗಳಲ್ಲಿ ಬರೆದು ದಿನಕ್ಕೆ 20 ಪದ ತೋರಿಸಿ. ತಡೆಯಿಲ್ಲದೆ ಓದಿದ ಚೀಟಿ ಒಂದು ಕಡೆ, ತಡವರಿಸಿದ್ದು ಇನ್ನೊಂದು ಕಡೆ ಇಡಿ.

6. ನಿರರ್ಗಳತೆ ಮತ್ತು ಗ್ರಹಿಕೆ: ಸುಮಾರು 100 ಪದಗಳ ಹೊಸ ಕಥೆಯೊಂದನ್ನು ಗಟ್ಟಿಯಾಗಿ ಓದಿಸಿ, ತಪ್ಪುಗಳನ್ನು ಮೌನವಾಗಿ ಗುರುತು ಮಾಡಿಕೊಳ್ಳಿ. ಐದರೊಳಗೆ ತಪ್ಪಿದ್ದರೆ ಆ ಪುಸ್ತಕವನ್ನು ಮಗು ತಾನಾಗಿಯೇ ಓದಬಲ್ಲದು. ಐದರಿಂದ ಹತ್ತು ಇದ್ದರೆ ದೊಡ್ಡವರು ಜೊತೆಗಿರಬೇಕು. ಹತ್ತನ್ನು ಮೀರಿದರೆ ಪುಸ್ತಕ ಕಷ್ಟದ್ದು, ಕೆಳಗಿನ ಮಟ್ಟದ್ದನ್ನು ಕೊಡಬೇಕು. ವೇಗದ ಬಗ್ಗೆ ಒಂದು ಎಚ್ಚರಿಕೆ. ಎರಡನೇ ತರಗತಿಯ ಕೊನೆಗೆ ನಿಮಿಷಕ್ಕೆ 100 ಪದ, ಐದನೆಯದರ ಕೊನೆಗೆ 146 ಪದ ಎಂಬ ಸರಾಸರಿ ಮಟ್ಟಗಳು ಅಂತರ್ಜಾಲದಲ್ಲಿ ಕಾಣಸಿಗುತ್ತವೆ. ಇವು 2017ರಲ್ಲಿ ಅಮೆರಿಕದ ಮಕ್ಕಳನ್ನು ಆಧರಿಸಿ ಪ್ರಕಟವಾದವು. ಮನೆಯಲ್ಲಿ ಕನ್ನಡವಾಡುವ ಮಗುವನ್ನು ಅದೇ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ಓದಿದ ಮೇಲೆ ನಾಲ್ಕು ಬಗೆಯ ಪ್ರಶ್ನೆ ಕೇಳಿ. ಕಥೆಯಲ್ಲಿ ನೇರವಾಗಿ ಇರುವುದು (ಯಾರು, ಎಲ್ಲಿ), ಘಟನೆಗಳ ಕ್ರಮ (ಮೊದಲು ಏನಾಯಿತು), ಊಹಿಸಬೇಕಾದದ್ದು (ಏಕೆ ಹಾಗೆ ಮಾಡಿದ), ಅಭಿಪ್ರಾಯ (ನೀನಾಗಿದ್ದರೆ?). ಉತ್ತರವನ್ನು ಕನ್ನಡದಲ್ಲಿ ಹೇಳಲು ಬಿಡಿ. ಮಗುವಿಗೆ ಅರ್ಥವಾಗಿದೆಯೇ ಎಂಬುದನ್ನು ತಿಳಿಯಬೇಕಾದ ಘಟ್ಟದಲ್ಲಿ, ಇಂಗ್ಲಿಷಿನಲ್ಲಿ ಹೇಳಲು ಬರುತ್ತದೆಯೇ ಎಂಬ ಎರಡನೆಯ ಪರೀಕ್ಷೆಯನ್ನು ಬೆರೆಸಬಾರದು. 'ಅಸರ್' ಸಮೀಕ್ಷೆಯಲ್ಲೂ ಇಂಗ್ಲಿಷ್ ಪದ, ವಾಕ್ಯಗಳ ಅರ್ಥವನ್ನು ಮಗು ತನ್ನ ಭಾಷೆಯಲ್ಲಿ ಹೇಳಬಹುದು.

7. ವ್ಯಾಕರಣ, ಸ್ಪೆಲಿಂಗ್, ಬರವಣಿಗೆ: 'ನಿನ್ನೆ ಏನು ಮಾಡಿದೆ' ಎಂಬ ವಿಷಯದ ಮೇಲೆ ಐದು ವಾಕ್ಯ ಬರೆಸಿ. ಅದರಲ್ಲಿಯೇ ಬಹಳಷ್ಟು ತಿಳಿಯುತ್ತದೆ. ವಾಕ್ಯ ದೊಡ್ಡಕ್ಷರದಿಂದ ಆರಂಭವಾಗಿದೆಯೇ? ಪೂರ್ಣವಿರಾಮ ಇದೆಯೇ? ಭೂತಕಾಲದ ರೂಪ ಬಂದಿದೆಯೇ? ಬಹುವಚನ ಸರಿಯೇ? ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ 'ಸೀತಾ ಮ್ಯಾಂಗೋ ಈಟ್ಸ್' ಎಂದು ಬರೆಯುವ ಮಕ್ಕಳಿದ್ದಾರೆ. 'ಎ', 'ಆ್ಯನ್', 'ದ' ಎಂಬವುಗಳಿಗೆ ನೇರ ಸಮಾನವಾದದ್ದು ಕನ್ನಡದಲ್ಲಿಲ್ಲ, ಆದ್ದರಿಂದ ಅವು ಬಿಟ್ಟುಹೋಗುತ್ತವೆ. ನಮ್ಮಲ್ಲಿ 'ಮೇಜಿನ ಮೇಲೆ' ಎಂದು ನಾಮಪದದ ನಂತರ ಬರುವುದು ಇಂಗ್ಲಿಷಿನಲ್ಲಿ ಮೊದಲೇ ಬರುತ್ತದೆ. ಇಂತಹ ತಪ್ಪುಗಳಿಗೆ ಬೈಯುವ ಬದಲು ಎರಡೂ ಭಾಷೆಯ ವಾಕ್ಯಗಳನ್ನು ಪಕ್ಕಪಕ್ಕದಲ್ಲಿ ಬರೆದು ತೋರಿಸುವುದು ಪರಿಣಾಮಕಾರಿ.

ಉಚ್ಚಾರಣೆಯ ಧಾಟಿ ತಪ್ಪಲ್ಲ

ಪರಿಶೀಲನೆಯಲ್ಲಿ ಪೋಷಕರು ಮಾಡುವ ದೊಡ್ಡ ತಪ್ಪೆಂದರೆ ಉಚ್ಚಾರಣೆಯನ್ನೇ ಓದಿನ ದೋಷವೆಂದು ಎಣಿಸುವುದು. 'ಬಸ್' ಪದಕ್ಕೆ 'ಬಸ್ಸು', 'ಎಗ್' ಪದಕ್ಕೆ 'ಯೆಗ್', 'ಸ್ಕೂಲ್' ಪದಕ್ಕೆ 'ಇಸ್ಕೂಲು' ಎನ್ನುವುದು ಕನ್ನಡದ ಧ್ವನಿ ವ್ಯವಸ್ಥೆಯ ಪ್ರಭಾವ. 'ವಿ' ಮತ್ತು 'ಡಬ್ಲ್ಯು' ಎರಡನ್ನೂ 'ವ' ಎನ್ನುವುದೂ ಹಾಗೆಯೇ. ಮಗು ಪದವನ್ನು ಸರಿಯಾಗಿ ಗುರುತಿಸಿ ಅರ್ಥ ಹೇಳಿದರೆ ಅದು ಸರಿಯಾದ ಓದೇ. 'ಹೌಸ್' ಎಂದಿರುವಲ್ಲಿ 'ಹಾರ್ಸ್' ಎಂದು ಓದಿದರೆ ಮಾತ್ರ ಅದು ದೋಷ. ಇವೆರಡರ ವ್ಯತ್ಯಾಸ ತಿಳಿಯದೆ ಪ್ರತಿ ಪದಕ್ಕೂ ತಡೆದು ತಿದ್ದಿದರೆ ಮಗು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ.

ತರಗತಿವಾರು ನಿರೀಕ್ಷೆ

ಇಂಗ್ಲಿಷ್ ಮಾಧ್ಯಮದ ಮಗುವಿನಲ್ಲಿ ಸ್ಥೂಲವಾಗಿ ಹೀಗೆ ನಿರೀಕ್ಷಿಸಬಹುದು. ಒಂದನೇ ತರಗತಿಯ ಕೊನೆಗೆ ಎಲ್ಲ ಅಕ್ಷರ, ಅವುಗಳ ಮುಖ್ಯ ಧ್ವನಿ, ಮೂರಕ್ಷರದ ಪದಗಳು. ಎರಡನೆಯದರ ಕೊನೆಗೆ ಮೂಕ 'ಇ', ಜೋಡಿ ಅಕ್ಷರಗಳು, ಸಣ್ಣ ವಾಕ್ಯಗಳ ಓದು. ಮೂರನೆಯದರ ಕೊನೆಗೆ ಒಂದು ಪುಟದ ಕಥೆಯನ್ನು ತಾನೇ ಓದಿ ಸಾರ ಹೇಳುವುದು, ಐದು ವಾಕ್ಯ ಬರೆಯುವುದು. ನಾಲ್ಕು ಮತ್ತು ಐದನೇ ತರಗತಿಗಳಲ್ಲಿ ಮಾಹಿತಿ ಪಾಠಗಳನ್ನು ಓದಿ ಮುಖ್ಯಾಂಶ ಗುರುತಿಸುವುದು, ಒಂದು ಪ್ಯಾರಾ ಅಥವಾ ಪತ್ರ ಬರೆಯುವುದು, ನಿಘಂಟು ನೋಡುವುದು. ಇಂಗ್ಲಿಷನ್ನು ಒಂದು ಭಾಷೆಯಾಗಿ ಮಾತ್ರ ಕಲಿಯುವ ಕನ್ನಡ ಮಾಧ್ಯಮದ ಮಗು ಇದೇ ಹಾದಿಯಲ್ಲಿ ಒಂದೆರಡು ವರ್ಷ ತಡವಾಗಿ ಸಾಗಿದರೆ ಗಾಬರಿಗೆ ಕಾರಣವಿಲ್ಲ. ಕನ್ನಡದಲ್ಲಿ ಚೆನ್ನಾಗಿ ಓದಬಲ್ಲ ಮಗುವಿಗೆ ಓದು ಎಂದರೇನೆಂಬುದು ಆಗಲೇ ತಿಳಿದಿರುತ್ತದೆ. ಎರಡನೆಯ ಲಿಪಿಗೆ ಅದೇ ಬಂಡವಾಳ.

ಕೊರತೆ ಕಂಡಾಗ

ತಪ್ಪಿದ ಮೆಟ್ಟಿಲು ಗೊತ್ತಾದ ಮೇಲೆ ಅಲ್ಲಿಂದಲೇ ಆರಂಭಿಸಬೇಕು. ನಾಲ್ಕನೇ ತರಗತಿಯ ಮಗುವಿಗೆ ಮೂಕ 'ಇ' ತಿಳಿಯದಿದ್ದರೆ, ನಾಲ್ಕನೇ ತರಗತಿಯ ಪುಸ್ತಕವನ್ನು ಬದಿಗಿಟ್ಟು ಅದನ್ನೇ ಕಲಿಸಬೇಕು. ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ದಿನಕ್ಕೆ 20 ನಿಮಿಷ ಮೇಲು. ಕಲಿತದ್ದನ್ನು ಮರುದಿನ, ಮೂರು ದಿನದ ನಂತರ, ವಾರದ ನಂತರ ಮತ್ತೆ ಕೇಳಿದರೆ ನೆನಪು ಗಟ್ಟಿಯಾಗುತ್ತದೆ. ಬಿಡಿಸಿ ಓದಬಲ್ಲ, ಆದರೆ ಅರ್ಥವಾಗದ ಮಗುವಿಗೆ ಇನ್ನಷ್ಟು ಫೋನಿಕ್ಸ್ ಬೇಕಿಲ್ಲ. ಅದಕ್ಕೆ ಕಥೆ ಓದಿ ಹೇಳಬೇಕು, ಮಾತನಾಡಿಸಬೇಕು, ಹೊಸ ಪದಗಳ ಅರ್ಥವನ್ನು ಕನ್ನಡದಲ್ಲಿ ವಿವರಿಸಬೇಕು.

ಸಾಮಗ್ರಿಗೆ ಹೆಚ್ಚು ಖರ್ಚಿಲ್ಲ. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಆರಂಭಿಸಿದ 'ಸ್ಟೋರಿವೀವರ್' ತಾಣದಲ್ಲಿ ಮಟ್ಟವಾರು ವಿಂಗಡಿಸಿದ ಮಕ್ಕಳ ಕಥೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಉಚಿತವಾಗಿವೆ. ಒಂದೇ ಕಥೆಯನ್ನು ಮೊದಲು ಕನ್ನಡದಲ್ಲಿ, ಮರುದಿನ ಇಂಗ್ಲಿಷಿನಲ್ಲಿ ಓದಿಸುವುದು ಒಳ್ಳೆಯ ಅಭ್ಯಾಸ. ಪಠ್ಯಪುಸ್ತಕಗಳು 'ದೀಕ್ಷಾ' ತಾಣದಲ್ಲಿಯೂ ಲಭ್ಯ. ಪೋಷಕರಿಗೆ ಇಂಗ್ಲಿಷ್ ಬಾರದಿದ್ದರೂ ಚಿಂತೆಯಿಲ್ಲ. ಮಗು ಓದುವಾಗ ಪಕ್ಕದಲ್ಲಿ ಕುಳಿತು 'ಈಗ ಕಥೆಯನ್ನು ಕನ್ನಡದಲ್ಲಿ ಹೇಳು' ಎಂದು ಕೇಳುವುದು ಎಲ್ಲರಿಗೂ ಸಾಧ್ಯ.

ತಜ್ಞರ ನೆರವು ಯಾವಾಗ?

ಕೆಲವು ತಿಂಗಳ ನಿಯಮಿತ ಅಭ್ಯಾಸದ ನಂತರವೂ ಮಗು ಅಕ್ಷರಗಳನ್ನು ತಿರುವುಮುರುವಾಗಿ ಓದುತ್ತಿದ್ದರೆ, ಕನ್ನಡದಲ್ಲಿಯೂ ಅದೇ ತೊಂದರೆಯಿದ್ದರೆ, ಮೊದಲು ಕಣ್ಣು, ಕಿವಿಗಳ ತಪಾಸಣೆ ಮಾಡಿಸಬೇಕು. ಅವು ಸರಿಯಿದ್ದರೆ ಡಿಸ್ಲೆಕ್ಸಿಯಾದಂತಹ ನಿರ್ದಿಷ್ಟ ಕಲಿಕಾ ನ್ಯೂನತೆ ಇರಬಹುದೇ ಎಂದು ಪರೀಕ್ಷಿಸಬೇಕು. ಬೆಂಗಳೂರಿನ ನಿಮ್ಹಾನ್ಸ್ ಹಾಗೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ಇಂತಹ ತಪಾಸಣೆಯ ವ್ಯವಸ್ಥೆಯಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಈ ನ್ಯೂನತೆಯನ್ನು ಮಾನ್ಯ ಮಾಡಿದೆ. ಎರಡೂ ಭಾಷೆಗಳಲ್ಲಿ ತೊಂದರೆ ಇದೆಯೇ, ಇಂಗ್ಲಿಷಿನಲ್ಲಿ ಮಾತ್ರವೇ ಎಂಬುದನ್ನು ಗಮನಿಸುವುದು ಇಲ್ಲಿ ಮುಖ್ಯ. ಇಂಗ್ಲಿಷಿನಲ್ಲಿ ಮಾತ್ರ ಹಿಂದುಳಿದ ಮಗುವಿಗೆ ಹೆಚ್ಚಾಗಿ ಬೇಕಾಗಿರುವುದು ಸರಿಯಾದ ಬೋಧನೆ ಮತ್ತು ಸಮಯ.

ವಾರದ ಪರಿಶೀಲನೆ ಮುಗಿದ ಮೇಲೆ ಏಳು ಮೆಟ್ಟಿಲುಗಳ ಮುಂದೆ 'ಬರುತ್ತದೆ', 'ಸ್ವಲ್ಪ ಬರುತ್ತದೆ', 'ಬರುವುದಿಲ್ಲ' ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಶಾಲೆ ಮರಳಿ ಆರಂಭವಾದಾಗ, ಸೇತುಬಂಧದ ದಿನಗಳಲ್ಲಿಯೇ, ಆ ಹಾಳೆಯನ್ನು ತರಗತಿ ಶಿಕ್ಷಕರಿಗೆ ತೋರಿಸಿ. 'ನಮ್ಮ ಮಗು ಇಂಗ್ಲಿಷಿನಲ್ಲಿ ವೀಕು' ಎಂಬ ದೂರಿನಿಂದ ಶಿಕ್ಷಕರಿಗೆ ಏನೂ ತಿಳಿಯದು. 'ಪದ ಬಿಡಿಸಿ ಓದುತ್ತಾಳೆ, ಭೂತಕಾಲದ ವಾಕ್ಯ ಬರುವುದಿಲ್ಲ' ಎಂದರೆ ಎಲ್ಲಿಂದ ಆರಂಭಿಸಬೇಕೆಂಬುದು ಮೊದಲ ದಿನವೇ ಗೊತ್ತಾಗುತ್ತದೆ.